ತಿರುವಬಾರದ ತತ್ತಿ

ನಾನು ತಿಪ್ಪೇರುದ್ರಮ್ಮ. ಹಲವಾಗಲು ಅನ್ನೋ ಊರಾಗ ಹೊಳಿ ಕಡಿ ಕಟ್ಟಕಡೀ ಮನಿ ನಂದು. ಓದಿದ್ದು ಎರಡನೇತ್ತ. ಅದೂ ಮಳಿ ಬಂದ ದಿನ ಮಾತ್ರ ಸಾಲಿಗೆ ಹೋಗ್ತಿದ್ದೆ. ನಮ್ಮ ಕಡಿ ಮಳಿ ಎಷ್ಟು ಬರ್ತೈತಿ ನಿಮಗ ಗೊತ್ತೈತಿ. ಆದ್ರ ತತ್ತಿ ವಿಚಾರಕ್ಕ ಬಂದ್ರ ದೊಡ್ಡ ದೊಡ್ಡ ಡಾಕ್ಟ್ರು ನನ್ನ ಮುಂದ ಕುಂತು ಬರಕೋಬೇಕು. ಊರಾಗ ಯಾರ ಮನಿ ಕೋಳಿ ಕಾವಿಗೆ ಬಂದ್ರೂ ತತ್ತಿ ಇಡಾಕ ನಾನೇ ಹೋಗಬೇಕು. ನಲವತ್ತು ವರ್ಷದಾಗ ನನ್ನ ಕೈಯಾಗ ಎದ್ದ ಮರಿ ಸಾಲು ಹಚ್ಚಿದ್ರ, ಮುಂದಿನ ಮರಿ ಹರಪನಹಳ್ಳಿ ಬಸ್ ಸ್ಟ್ಯಾಂಡಿನಾಗ, ಹಿಂದಿನ ಮರಿ ನಮ್ಮ ತಿಪ್ಪಿ ಮ್ಯಾಲ. ನನ್ನ ಗಂಡ ಮೈಲಾರಲಿಂಗಪ್ಪ ಇದ್ದಾಗ ಒಂದ್ಸಲ ಅಂದಿದ್ದ, "ನೀ ಕಲ್ಲು ಇಟ್ರೂ ಮರಿ ಎಬ್ಬಸ್ತೀ ಬಿಡು" ಅಂತ. ಅವ ಹೋಗಿ ಹದಿನಾರು ವರ್ಷ ಆತು. ನನ್ನ ಹೊಗಳಿದ್ದು ಅದೊಂದೇ ಸಲ, ಅದಕ್ಕ ಇನ್ನೂ ನೆನಪೈತಿ.

ಈ ಬ್ಯಾಸಿಗ್ಯಾಗ ನಡದ ಮಾತಿದು. ನಮ್ಮ ಭಾವನ ಮಗ ಚನ್ನಬಸವ, ಐವತ್ತು ದಾಟ್ಯಾನ, ಕುರಿ ಕಟ್ಟ್ಯಾನ. ನೂರು ಕುರಿ ಅದಾವ. ಅವ ಇನ್ನೂರು ಅಂತಾನ, ನನಗ ಹಂಗ ಹೆಚ್ಚು ಮಾಡಿ ಹೇಳೋ ಚಟ ಇಲ್ಲ. ಅವತ್ತು ಮುಂಜಾನಿ ಹೊಳಿ ದಿಬ್ಬದ ಮ್ಯಾಲ ಕುರಿ ದೊಡ್ಡಿ ಸುತ್ತ ನೂಲಿನ ಬಲೆ ಕಟ್ಟಾಕ ಗೂಟದ ಕುಣಿ ತೋಡಾಕ ಹತ್ತ್ಯಾನ. ಉಸುಕಿನಾಗ ಮೊಣಕೈ ಆಳಕ್ಕ ಕಬ್ಬಿಣದ ಹಾರಿ ಇಳದಿದ್ದೇ ತಡ, ಬೆಳ್ಳಗ ತತ್ತಿ ಕಂಡ್ಯಾವ. ಒಡೀಲಿಲ್ಲ, ದೇವರು ದೊಡ್ಡಾವ. ಉಸುಕು ಸಮೇತ ಬುಟ್ಟಿಗೆ ತುಂಬ್ಕೊಂಡು ನೆಟ್ಟಗ ನನ್ನ ಕಟ್ಟಿಗೆ ತಂದ.

"ಚಿಗವ್ವಾ, ಇಪ್ಪತ್ಮೂರು ಅದಾವ. ಎಂಥಾವು ನೋಡು."

ಕಟ್ಟಿ ಮ್ಯಾಲ ಕೊಟ್ರಬಸಮ್ಮ ಕುಂತಿದ್ಲು. ಆಕಿದು ನಮ್ಮ ಎದುರಿಗಿನ ಕಿರಾಣಿ ಅಂಗಡಿ. ಲಿಂಗ ಕಟ್ಟಿದಾಕಿ, ತತ್ತಿ ಮುಟ್ಟಾಂಗಿಲ್ಲ, ನೋಡಾಕ ಮಾತ್ರ ಎಲ್ಲರಕಿಂತ ಮುಂದ. ನಾವಿಬ್ರೂ ಐವತ್ತು ವರ್ಷದಿಂದ ಜಗಳ ಆಡ್ತೀವಿ, ಒಂದಿನಾನೂ ತಪ್ಪಿಸಿಲ್ಲ.

ನಾ ಬುಟ್ಟಿಯಾಗ ಬಗ್ಗಿ ನೋಡಿದೆ. ಕೋಳಿ ತತ್ತಿಕಿಂತ ದೊಡ್ಡವು, ಗಟ್ಟಿ ಸಿಪ್ಪಿ, ಸುಣ್ಣದಂಗ ಬಿಳುಪು.

"ಬಾತಿನ ತತ್ತಿ," ಅಂದೆ.

"ಬಾತು ಉಸುಕಿನಾಗ ಹೂಳ್ತಾವೇನ ರುದ್ರವ್ವಾ?" ಅಂದ್ಲು ಕೊಟ್ರಬಸಮ್ಮ.

"ಇವು ಶಾಣ್ಯಾ ಬಾತು. ನಿನ್ನಂಗ ಎಲ್ಲಾ ಅಂಗಡಿ ಮುಂದ ತಂದಿಡಾಂಗಿಲ್ಲ."

"ನಿನಗ ಗೊತ್ತಿಲ್ಲ ಅಂತ ಒಪ್ಪಿಕೊಂಡ್ರ ನಾಲಿಗಿ ಉದುರ್ತೈತೇನ?"

ಅಷ್ಟೊತ್ತಿಗೆ ಅಂಗಡಿಗೆ ಬಂದಿದ್ದ ಏಳೆಂಟು ಹೆಂಗಸ್ರು ಕೂಡಿದ್ರು. ಜನ ಕೂಡಿದ್ರ ನನ್ನ ಬಾಯಿಗೆ ಬ್ರೇಕ್ ಇರಾಂಗಿಲ್ಲ. ಎದ್ದು ನಿಂತು ಅಂದೆ: "ಕೇಳ್ರಿ ಎಲ್ಲಾರೂ. ನಾ ಕಾವಿಗೆ ಇಟ್ಟ ಈ ತತ್ತಿಯಾಗ ಒಂದು ಕೆಟ್ರೂ ಸೈ, ಇನ್ನ ಈ ಜಲ್ಮದಾಗ ಕೋಳಿ ಕೂಡ್ಸಾಂಗಿಲ್ಲ. ಆ ಮೈಲಾರಲಿಂಗ ದೇವರ ಆಣಿ."

ಅಂದಿದ್ದೆ ಖರೆ. ಆದ್ರ ಕೋಳಿ ಕೂಡ್ಸೋದು ಬಿಟ್ರ ನಾ ಯಾರು? ಬಜಾರದಾಗ ಹೋಗೋವಾಗ "ತತ್ತಿ ಅಮ್ಮ ಬಂದ್ಲು, ತತ್ತಿ ಅಮ್ಮ ಬಂದ್ಲು" ಅಂತಾರ. ಅದು ಹೋದ್ರ ಬರೇ ಚನ್ನಬಸವನ ಚಿಗವ್ವ ಆಗ್ತೀನಿ. ಅವನ ಹೆಸರಿನ ಬಾಲ ಹಿಡಕೊಂಡು ತಿರುಗೋದಕಿಂತ ಹೊಳಿ ಈಜೋದು ಹಗುರ.

ಆದ್ರ ಅವತ್ತು ಅಮಾಸಿ. ಅಮಾಸಿ ದಿನ ನಾ ಕೋಳಿ ಕೂಡ್ಸಾಂಗಿಲ್ಲ. ದೇಶದ ಪ್ರಧಾನಿನೇ ಕೋಳಿ ಬಗಲಾಗ ಹಿಡಕೊಂಡು ಬಂದು ನಿಂತ್ರೂ "ನಾಳಿ ಬರ್ರಿ" ಅಂತೀನಿ. ಹಂಗಾಗಿ ಬುಟ್ಟಿ ಒಳಗ ನಡುಮನ್ಯಾಗ ನೆಳ್ಳಿಗೆ ಇಟ್ಟೆ, ಇದ್ದ ಉಸುಕು ಇದ್ದಂಗ. ಗುಡುಗಿಗೆ ತತ್ತಿ ಕೆಡಬಾರ್ದಂತ ಒಂದು ಕಬ್ಬಿಣದ ಮೊಳಿ, ಒಂದು ಇದ್ದಲಿ, ಒಂದು ಒಣ ಮೆಣಸಿನಕಾಯಿ ಜೋಡಿಸಿದೆ. ನಾಳಿ ಮೂರು ಕೋಳಿಗೆ ಹಂಚಿ ಇಡಬೇಕು, ಒಂದಕ್ಕ ಏಳು, ಒಂದಕ್ಕ ಏಳು, ನಮ್ಮ ಕೆಂಪಿಗೆ ಒಂಬತ್ತು. ಜೋಡಿ ಲೆಕ್ಕ ಆಗಬಾರ್ದು ನೋಡ್ರಿ.

ಮಧ್ಯಾಹ್ನ ಅಮಾಸಿ ಊಟಕ್ಕ ಮೊಮ್ಮಗಳು ಬಂದ್ಲು. ಭೂಮಿಕಾ, ಮಗನ ಮಗಳು. ಹಗರಿಬೊಮ್ಮನಹಳ್ಳ್ಯಾಗ ಹೈಸ್ಕೂಲಿಗೆ ಸೈನ್ಸ್ ಟೀಚರ್ ಅದಾಳ. ಆಕಿ ಎತ್ತರ ಎಷ್ಟಂದ್ರ ನಮ್ಮ ಬಾಗಿಲಾಗ ಬರೋವಾಗ ಮೂರು ಸಲ ಬಗ್ಗಬೇಕು. ಹೋಳಗಿ ತಿಂದು ಆದಮ್ಯಾಲ ನನ್ನ ಶಾಣ್ಯಾತನ ತೋರ್ಸಾಕ ಆಕಿನ್ನ ನಡುಮನಿಗೆ ಕರಕೊಂಡು ಹೋದೆ. ಕತ್ತಲ ಮೂಲ್ಯಾಗ ಬ್ಯಾಟ್ರಿ ಹಚ್ಚಿ ತತ್ತಿ ಕೆಳಗ ಹಿಡದೆ. ಕಾವಿಗೆ ಇಡೋ ಮುಂಚೆ ಹಿಂಗ ನೋಡೋದು ನನ್ನ ಪದ್ಧತಿ. ಕೋಳಿ ತತ್ತಿ ಆದ್ರ ದಪ್ಪ ತುದಿಯಾಗ ಗಾಳಿ ಗೂಡು ಕಾಣ್ತೈತಿ, ಸಣ್ಣ ಚಂದ್ರನಂಗ.

ಇಲ್ಲಿ ಚಂದ್ರನೂ ಇಲ್ಲ, ದಪ್ಪ ತುದಿನೂ ಇಲ್ಲ. ಎರಡೂ ಕಡಿ ಒಂದೇ ನಮೂನಿ. ಒಳಗ ಪೂರ್ತಿ ತುಂಬೈತಿ, ಕರ್ರಗ. ಎರಡು ತತ್ತಿಯಾಗ ಮಾತ್ರ ಬೆಳಕು ಈ ಕಡಿಯಿಂದ ಆ ಕಡಿ ಹಾಯ್ತು. ಖಾಲಿ. ನಾ ನೋಡಿದೆ, ಬಾಯಿ ಬಿಡಲಿಲ್ಲ. ಆಣಿ ಇಟ್ಟು ಇನ್ನ ಮೂರು ತಾಸು ಆಗಿಲ್ಲ, ಆಗಲೇ ಎರಡು ಹೋದ್ವು ಅಂತ ಯಾರಿಗೆ ಹೇಳ್ಲಿ?

ಬ್ಯಾಟ್ರಿ ಇಟ್ಟು, ತತ್ತಿ ಹೊಳ್ಳಿ ಹಾಕಾಕ ಕೈ ಹಾಕಿದೆ. ಕಾವಿನ ತತ್ತಿ ದಿನಾ ತಿರುವಬೇಕು, ಕೋಳಿನೂ ಕೊಕ್ಕಿಲೆ ಅದೇ ಕೆಲಸ ಮಾಡ್ತೈತಿ. ಇಲ್ಲಾಂದ್ರ ಮರಿ ಒಂದು ಮಗ್ಗಲಿಗೆ ಅಂಟಿ ಸಾಯ್ತೈತಿ.

"ಯಮ್ಮಾ, ತಿರುವಬ್ಯಾಡ!"

ಭೂಮಿಕಾ ನನ್ನ ರಟ್ಟಿ ಹಿಡದ್ಲು. ಮಾಡು ಹಾರಿ ಹೋಗೋ ಹಂಗ ಚೀರಿದ್ಲು. ಹೊರಗ ಕೆಂಪಿ ಸೈತ ಕೊಕ್ಕೋ ಅಂತು.

"ಯಾಕಲೇ? ಹಾವು ಕಂಡಂಗ ಮಾಡ್ತೀ?"

"ಹಾವಿನ ಬಳಗದ್ದೇ ಇರಬೇಕು. ಇವು ಕೋಳಿವಲ್ಲ, ಬಾತಿವೂ ಅಲ್ಲ. ಸರೀಸೃಪದ ತತ್ತಿ. ಅವುಗಳ ಮರಿ ಮ್ಯಾಲಿನ ಸಿಪ್ಪಿಗೆ ಅಂಟಿಕೊಂಡೇ ಬೆಳೀತೈತಿ. ತಿರುವಿದ್ರ ಸಾಯ್ತೈತಿ."

ನಲವತ್ತು ವರ್ಷ ತಿರುವಿದ ಕೈ. ತಿರುವಿದ್ರ ಬದುಕ್ತೈತಿ ಅನ್ನೋದೇ ನನ್ನ ವಿದ್ಯಾ. ಇಲ್ಲಿ ತಿರುವಿದ್ರ ಸಾಯ್ತೈತಂತ.

"ಆ ಹೆಸರು ಇನ್ನೊಮ್ಮಿ ಅನ್ನು, ನನ್ನ ನಾಲಿಗಿಗೆ ಹೊಳ್ಳವಲ್ದು."

"ಮೈ ಮ್ಯಾಲ ಒಣ ಹುರುಪಿ ಇರೋ ಪ್ರಾಣಿ ಯಮ್ಮಾ. ನೀರಾಗ ಇದ್ರೂ ಮೂಗು ಮ್ಯಾಲೆತ್ತಿ ಉಸಿರು ತಗೊಂತಾವ. ನಮ್ಮಂಗ ಒಳಗಿಂದ ಮೈ ಬಿಸಿ ಮಾಡ್ಕೊಳಾಕ ಬರಾಂಗಿಲ್ಲ, ಬಿಸಲಿಗೆ ಬಿದ್ದು ಕಾಯಿಸ್ಕೊಂತಾವ."

"ನಮ್ಮ ಚನ್ನಬಸವನೂ ಹಂಗೇ. ಹತ್ತು ಗಂಟಿ ಬಿಸಲು ಬೀಳೋ ತನ ಹಾಸಿಗಿ ಬಿಟ್ಟು ಏಳಾಂಗಿಲ್ಲ."

ಚನ್ನಬಸವ ಬಾಗಿಲಾಗೇ ನಿಂತಿದ್ದ. "ನಾ ಏನ ಮಾಡಿದ್ನಿ ಚಿಗವ್ವಾ?" ಅಂದ. ಕೊಟ್ರಬಸಮ್ಮನೂ ಸೆರಗು ಹೊಚ್ಕೊಂಡು ಬಂದು ನಿಂತ್ಲು. ಚೀರಿದ್ದು ಕೇಳಿತ್ತು ಆಕಿಗೆ. ಹೊಸಪೇಟಿಯಾಗ ಚೀರಿದ್ರೂ ಆಕಿಗೆ ಕೇಳ್ತೈತಿ.

"ಹಂಗಾರ ಯಾವ ಪ್ರಾಣೀದು ಅಂತ ಹೇಳು," ಅಂದೆ. "ತಪ್ಪು ಆತು ಅಂದ್ರ ಆತು. ಆದ್ರ ಯಾರ ಮಕ್ಕಳು ನನ್ನ ಮನ್ಯಾಗ ಮಲಗ್ಯಾವ ಅನ್ನೋದಾದ್ರೂ ಗೊತ್ತಾಗ್ಲಿ."

ಭೂಮಿಕಾ ನೆಲದ ಮ್ಯಾಲ ಕುಂತ್ಲು. "ಅವುಗಳಾಗ ನಾಕು ದೊಡ್ಡ ಬಳಗ ಅದಾವ. ಹಲ್ಲಿ-ಹಾವು ಒಂದೇ ಬಳಗ."

"ಎರಡೂ ಒಂದೇ? ಒಂದಕ್ಕ ನಾಕು ಕಾಲು, ಒಂದಕ್ಕ ಕಾಲೇ ಇಲ್ಲ."

"ಕಾಲು ಕಳಕೊಂಡ ಅಣ್ಣ-ತಮ್ಮ ಅನ್ಕೋ. ಹಲ್ಲಿ, ಓತಿಕ್ಯಾತ, ಉಡ, ಹಾವುರಾಣಿ, ಗೋಸುಂಬಿ, ಎಲ್ಲಾ ಹಾವೂ. ಎಲ್ಲಕ್ಕಿಂತ ದೊಡ್ಡ ಬಳಗ ಇದು."

"ಇವು ಅವುಗಳ ತತ್ತಿ ಅಲ್ಲ," ಅಂದೆ ನಾನು. ಅದು ನನಗ ಗೊತ್ತಿದ್ದ ಮಾತು. "ಹಾವಿನ ತತ್ತಿ ನಾ ಬಣವಿಯಾಗ ನೂರಾ ಎಂಟು ಸಲ ನೋಡೀನಿ. ಮೆತ್ತಗ ತೊಗಲಿನಂಗ ಇರ್ತಾವ, ಒಂದಕ್ಕೊಂದು ಅಂಟಿಕೊಂಡಿರ್ತಾವ. ಕೊಳಕಮಂಡಲ ಅಂತೂ ತತ್ತಿನೇ ಇಡಾಂಗಿಲ್ಲ, ನೆಟ್ಟಗ ಮರಿ ಹಾಕ್ತೈತಿ. ಉಡದ ತತ್ತಿನೂ ಮೆತ್ತಗ. ಗ್ವಾಡಿ ಹಲ್ಲೀದು ಗಟ್ಟಿ ಇರ್ತೈತಿ, ಆದ್ರ ಕಡ್ಲಿ ಕಾಳಿನಷ್ಟು. ಈ ತತ್ತಿ ಇಡೋ ಹಲ್ಲಿ ಇದ್ರ ಅದು ನಮ್ಮ ಮನಿನೇ ಹೊತ್ಕೊಂಡು ಹೋಗ್ತಿತ್ತು."

ಭೂಮಿಕಾ ನನ್ನ ಮುಖ ನೋಡಿದ್ಲು. ನಮ್ಮಜ್ಜಿ ಶಾಣ್ಯಾಕಿ ಅಂತ ಆಕಿಗೆ ಅವತ್ತು ಗೊತ್ತಾತು ಅನಸ್ತೈತಿ.

"ಎರಡನೇದು ಆಮಿ. ಬೆನ್ನ ಮ್ಯಾಲ ಮನಿ ಹೊತ್ತದ್ದು. ನಮ್ಮ ಹೊಳ್ಯಾಗ ಮೆತ್ತನ ಚಿಪ್ಪಿನ ಆಮಿ ಅದಾವ."

"ಅದರ ತತ್ತಿ ಗುಂಡಗ, ನಿಂಬಿಹಣ್ಣಿನಂಗ. ಇವು ಉದ್ದುದ್ದ. ಅದೂ ಅಲ್ಲ. ಮೂರನೇದು?"

"ಮೂರನೇದು ನಮ್ಮ ದೇಶದಾಗೇ ಇಲ್ಲ. ನ್ಯೂಜಿಲೆಂಡಿನಾಗ ಮಾತ್ರ ಐತಿ. ತುವಾತಾರ ಅಂತ. ನೋಡಾಕ ಹಲ್ಲಿ, ಆದ್ರ ಹಲ್ಲಿ ಅಲ್ಲ. ಆ ಬಳಗದಾಗ ಅದೊಂದೇ ಉಳದೈತಿ. ಅದರ ತತ್ತಿ ಮರಿ ಆಗಾಕ ಒಂದು ವರ್ಷದ ಮ್ಯಾಲ ಬೇಕು."

"ವರ್ಷ!" ನಾ ಎದಿ ಬಡಕೊಂಡೆ. "ಇಪ್ಪತ್ತೊಂದು ದಿನಕ್ಕ ನಮ್ಮ ಕೆಂಪಿ ನನ್ನ ಮ್ಯಾಲ ಮುನಿಸ್ಕೊಂತೈತಿ. ವರ್ಷಗಟ್ಟಲೆ ಕಾಯೋದಂದ್ರ ಆ ಊರಾಗ ಕೋಳಿ ಕೂಡ್ಸೋ ಮುದುಕಿ ಒಂದೇ ಸಲ ಕೂಡ್ಸಿ ಸಾಯಬೇಕು."

"ನಾಕನೇದು ಹೇಳವ್ವಾ," ಅಂದ್ಲು ಕೊಟ್ರಬಸಮ್ಮ. ಆಕಿ ದನಿ ಸಣ್ಣಗಾಗಿತ್ತು.

ಭೂಮಿಕಾ ಹೇಳೋದ್ರಾಗ ಬುಟ್ಟಿನೇ ಹೇಳ್ತು.

"ಉಂಕ್. ಉಂಕ್."

ಉಸುಕಿನ ಒಳಗಿಂದ ಬಂತು. ಒಂದಲ್ಲ, ಎರಡಲ್ಲ, ಒಂದು ಕೂಗಿದ ಕೂಡ್ಲೇ ಇನ್ನೊಂದು ಉತ್ತರ ಕೊಡ್ತು. ತತ್ತಿ ಒಳಗಿಂದ ಮರಿ ಮಾತಾಡೋದು ನನಗೇನು ಹೊಸದಲ್ಲ. ಹತ್ತೊಂಬತ್ತನೇ ದಿನ, ಇಪ್ಪತ್ತನೇ ದಿನ ಕಿವಿ ಹಚ್ಚಿದ್ರ ಕೋಳಿ ತತ್ತಿನೂ ಚಿಂವ್ ಅಂತೈತಿ. ಅದಕ್ಕ ಕೋಳಿನೂ ಹೊಟ್ಟ್ಯಾಗಿಂದ ಗುರ್ ಗುರ್ ಅಂತ ಉತ್ತರ ಕೊಡ್ತೈತಿ. ನಾ ಬುಟ್ಟಿಗೆ ಕಿವಿ ಹಚ್ಚಿ ಕುಂತೆ. ಕಣ್ಣಾಗ ನೀರು ಬಂತು. ಮೆಣಸಿನಕಾಯಿ ಘಾಟು ಅಂತ ಅಂದೆ.

"ಮೊಸಳಿ," ಅಂದ್ಲು ಭೂಮಿಕಾ. "ನಾಕನೇ ಬಳಗ. ಇನ್ನ ಒಂದೆರಡು ದಿನದಾಗ ಮರಿ ಆಗ್ತಾವ. ದಿನ ತುಂಬಿದ್ದಕ್ಕ ಬುಟ್ಟಿಯಾಗ ಬಂದ್ರೂ ತಡಕೊಂಡಾವ, ಮೊದಲಿನ ವಾರ ಆಗಿದ್ರ ಅವತ್ತೇ ಮುಗೀತಿತ್ತು. ಮತ್ತ ಕೋಳಿ ಕೆಳಗ ಇಟ್ಟಿದ್ರ ಅದರ ಮೈ ಬಿಸಿಗೇ ಬೆಂದು ಹೋಗ್ತಿದ್ವು. ಉಸುಕಿನ ಬಿಸಿ ಅಷ್ಟು ಇರಾಂಗಿಲ್ಲ. ಆ ಬಿಸಿ ನೋಡ್ಕೊಂಡೇ ಇವುಗಳಾಗ ಹೆಣ್ಣೋ ಗಂಡೋ ಅಂತ ಆಗೋದು."

"ಕೇಳಿದ್ಯಾ ಕೊಟ್ರಬಸಮ್ಮ? ಅಮಾಸಿ ಹಿಡೀತೀನಂತ ನನಗ ನಗ್ತಿದ್ದಿಯಲ್ಲ!"

"ನೀ ಬಾತು ಅಂದಿದ್ದಿ," ಅಂದ್ಲು ಆಕಿ. ಒಂದು ಮಾತಿಗೆ ನಾ ಒಂದು ಗುಡಿ ಕಟ್ಟಿದ್ರ ಆಕಿ ಒಂದು ಇಟ್ಟಿಗಿ ಎಳೀತಾಳ.

ಚನ್ನಬಸವಗ ಮಾತ್ರ ನಗು ಬರಲಿಲ್ಲ. "ಮೊಸಳೀನ? ಹಂಗಾರ ಕೊಡ್ರಿ ಇಲ್ಲಿ, ಕಲ್ಲಿಗೆ ಬಡೀತೀನಿ. ಹೋದ ವರ್ಷ ಮಡುವಿನಾಗ ನನ್ನ ಟಗರು ಎಳಕೊಂಡು ಹೋತು. ಇಪ್ಪತ್ಮೂರು ಮೊಸಳಿ ಎದ್ರ ನನ್ನ ಕುರಿ ಎಲ್ಲಿ ನೀರು ಕುಡೀಬೇಕು?"

ಬುಟ್ಟಿಗೆ ಕೈ ಹಾಕಾಕ ಬಂದ. ನಾ ಅಡ್ಡ ಕುಂತೆ. ನನ್ನ ಮೈ ತೂಕ ಎರಡು ಕ್ವಿಂಟಲ್, ಮನಸು ಮಾಡಿ ಕುಂತ್ರ ಟ್ರ್ಯಾಕ್ಟರ್ ಕಟ್ಟಿ ಎಳದ್ರೂ ಏಳಾಂಗಿಲ್ಲ.

"ಚನ್ನಾ, ಕೇಳಿಲ್ಲಿ. ಒಳಗಿಂದ ಮಾತಾಡೋ ತತ್ತಿ ಒಡದ ಕೈ ನನ್ನ ಮನ್ಯಾಗ ಇನ್ನೊಮ್ಮಿ ಉಣ್ಣಾಂಗಿಲ್ಲ. ಈಗ ನನ್ನ ಮ್ಯಾಲ ಆಣಿ ಐತಿ, ಇವು ಕೆಡಬಾರ್ದು. ನೀ ತೋಡಿದ ಕುಣಿ ಐತಲ್ಲ, ಎಲ್ಲಿ ಐತಿ ಅದಷ್ಟು ತೋರ್ಸು."

"ಆಮ್ಯಾಲ ನನ್ನ ಟಗರು?"

"ಕೆಳಗಿನ ಕಲ್ಲಿನ ಕಡಿ ತಿಳಿ ನೀರು ಐತಿ, ಅಲ್ಲಿ ಕುಡಿಸು. ನಿಮ್ಮ ಕಾಕ ಸಾಯೋ ತನ ಅಲ್ಲೇ ಕುಡಿಸ್ಯಾನ. ದೂರ ಆಗ್ತೈತಿ ಅಂತ ಮಡುವಿಗೆ ಬಿಟ್ಟಾವ ನೀನು."

ಅವ ಕೈ ಹಿಂದಕ್ಕ ತಗೊಂಡ. ಖರೆ ಮಾತಿಗೆ ಅವ ಬಗ್ತಾನ, ಅದೊಂದು ಗುಣ ಐತಿ.

ಭೂಮಿಕಾ ಅರಣ್ಯದ ಗಾರ್ಡಿಗೆ ಫೋನ್ ಹಚ್ಚಿದ್ಲು. ಅರುಣಕುಮಾರ್ ಅಂತ, ಹರಪನಹಳ್ಳಿಯಿಂದ ಬರ್ತೀನಿ ಅಂದ. ಅಷ್ಟೊತ್ತಿನ ತನ ಬುಟ್ಟಿ ಅಲುಗಾಡಿಸಬ್ಯಾಡ್ರಿ, ಸಂಜಿ ಒಳಗ ಅದೇ ಕುಣಿಯಾಗ ಇಟ್ಟು ಉಸುಕು ಮುಚ್ಚಬೇಕು, ಜನ ದೂರ ನಿಲ್ಲಬೇಕು, ತಾಯಿ ಮಡುವಿನಾಗೇ ಇರ್ತಾಳ ಅಂದ. ನಾ ಒಂದೊಂದು ತತ್ತಿ ನೆತ್ತಿ ಮ್ಯಾಲ ಇದ್ದಲಿಲೆ ಗೆರಿ ಎಳದೆ. ಹೊಸ ತತ್ತಿ ಹಳೆ ತತ್ತಿ ಗುರುತಿಗೆ ನಾ ಹಾಕೋ ಗೆರಿ ಅದು. ಈಗ ಮ್ಯಾಲಿಂದು ಮ್ಯಾಲೇ ಇರಾಕ ಉಪಯೋಗಕ್ಕ ಬಂತು. ಉಸುಕಿನ ಭಾರಕ್ಕ ಅರ್ಧ ತತ್ತಿ ಇನ್ನೊಂದು ಬುಟ್ಟಿಗೆ ಇಟ್ಟು ಎರಡು ಬುಟ್ಟಿ ಆತು. ಒಂದು ಭೂಮಿಕಾ ಹಿಡದ್ಲು. ಚನ್ನಬಸವಗ ಕೊಡಾಕ ನನಗ ಧೈರ್ಯ ಬರಲಿಲ್ಲ. ನನ್ನ ಕಾಲು ಅಲುಗಾಡ್ತಾವ.

"ತಾ ಇಲ್ಲಿ," ಅಂದ್ಲು ಕೊಟ್ರಬಸಮ್ಮ.

"ನೀ ತತ್ತಿ ಮುಟ್ಟಾಂಗಿಲ್ಲಲ್ಲ?"

"ತಿನ್ನೋ ತತ್ತಿ ಮುಟ್ಟಾಂಗಿಲ್ಲ. ಇವು ಮಾತಾಡ್ತಾವ, ಕೂಸು ಇದ್ದಂಗ. ಸುಮ್ನ ಕೊಡು."

ಎಪ್ಪತ್ತರ ಮುದುಕಿ ಆ ಬುಟ್ಟಿ ಹಿಡದು ನಡದಿದ್ದು ನೀವು ನೋಡಬೇಕಾಗಿತ್ತು. ತುಂಬಿದ ಕೊಡ ತಲಿ ಮ್ಯಾಲ ಇಟ್ಟು ಹಗ್ಗದ ಮ್ಯಾಲ ನಡದಂಗ. ನಾ ಹಿಂದಿಂದ "ಬಲಕ್ಕ, ಎಡಕ್ಕ, ಕಲ್ಲು ಐತಿ" ಅಂತ ಡ್ರೈವರಿಗೆ ಕಂಡಕ್ಟರ್ ಹೇಳಿದಂಗ ಹೇಳ್ತಾ ಹೋದೆ. "ನಿನ್ನ ಬಾಯಿ ಮುಚ್ಚಿದ್ರ ಕಲ್ಲು ಕಾಣ್ತೈತಿ" ಅಂದ್ಲು.

ಗೆರಿ ಮ್ಯಾಲ ಬರೋ ಹಂಗ ಇಟ್ವಿ. ಮೊಳಿ ಇಡಾಕ ಹೋದೆ, ಭೂಮಿಕಾ ಬ್ಯಾಡ ಅಂದ್ಲು. ಉಸುಕು ಮುಚ್ಚಿ ದೂರದ ದಿಬ್ಬಕ್ಕ ಬಂದು ಕುಂತ್ವಿ. ಅರುಣಕುಮಾರನೂ ಬಂದ. ಹೊತ್ತು ಮುಳುಗಾಕ ಇನ್ನೂ ಒಂದು ಮಾರು ಇತ್ತು, ಹೊಳಿ ನೀರು ಕೆಂಪಗಾಗಿತ್ತು. ಚನ್ನಬಸವ ಊರು ಜನ ಈ ಕಡಿ ಬರದಂಗ ಹಾದಿಗೆ ಅಡ್ಡ ನಿಂತಿದ್ದ.

ಆಗ ಮಡುವಿನಾಗಿಂದ ತಾಯಿ ಬಂದ್ಲು. ಎಷ್ಟು ಉದ್ದ ಇದ್ಲು ಅಂದ್ರ, ತಲಿ ದಂಡಿ ಮುಟ್ಟಿತ್ತು, ಬಾಲ ಆಚಿ ದಂಡ್ಯಾಗ ಇತ್ತು ಅಂತ ನಾ ಊರಾಗ ಹೇಳೀನಿ. ಒಂಬತ್ತು ಅಡಿ ಅಂತ ಅರುಣಕುಮಾರ್ ಅಂದ, ಅವ ಸಣ್ಣ ಹುಡುಗ, ಅವನಿಗೆ ಅಳತಿ ಗೊತ್ತಿಲ್ಲ. ಕುಣಿ ಹತ್ರ ಬಂದು ತಲಿ ಇಟ್ಟು ಕೇಳಿದ್ಲು. ನಾ ಬುಟ್ಟಿಗೆ ಕಿವಿ ಹಚ್ಚಿದ್ನೆಲ್ಲ, ಹಂಗೇ. ಆಮ್ಯಾಲ ಮುಂಗಾಲಿಲೆ ಉಸುಕು ಕೆದರಿದ್ಲು, ಕೋಳಿ ತಿಪ್ಪಿ ಕೆದರಿದಂಗ. ಬಾಯಿ ತಗದು ಒಂದು ಮರಿ ಎತ್ತಿದ್ಲು.

"ಅಯ್ಯಯ್ಯಪ್ಪಾ, ನುಂಗಿದ್ಲು!" ಕೊಟ್ರಬಸಮ್ಮ ನನ್ನ ತೋಳು ಹಿಡದು ಗಿಂಡಿದ್ಲು.

"ನುಂಗಿಲ್ಲಮ್ಮಾ," ಅಂದ್ಲು ಭೂಮಿಕಾ. "ಬಾಯಾಗ ಇಟ್ಕೊಂಡು ನೀರಿಗೆ ಒಯ್ತಾಳ. ಒಡೀದ ತತ್ತಿ ಹಲ್ಲಿನಾಗ ಮೆಲ್ಲಕ ಹಿಡದು ಒಡೀತಾಳ. ಇನ್ನೊಂದು ಮಾತು ಹೇಳ್ಲಾ? ಮೊಸಳಿಗೆ ಹಲ್ಲಿ, ಹಾವಿಗಿಂತ ಕೋಳಿನೇ ಹತ್ರದ ಸಂಬಂಧಿ. ಹಳೇ ಕಾಲದಾಗ ಎರಡೂ ಒಂದೇ ಮನಿತನ."

ನನಗ ಅದೇನು ಆಶ್ಚರ್ಯ ಆಗಲಿಲ್ಲ. ನಾ ಕಣ್ಣಿಲೆ ನೋಡಾಕತ್ತಿದ್ದೆ.

ಮರುದಿನ ಬೆಳ್ಳಬೆಳಿಗ್ಗೆ ಕುಣಿಗೆ ಹೋದ್ವಿ. ಇಪ್ಪತ್ತೊಂದು ಖಾಲಿ ಸಿಪ್ಪಿ, ಎರಡು ಇಡೀ ತತ್ತಿ. ನನ್ನ ಗೆರಿ ಅವುಗಳ ಮ್ಯಾಲ ಹಂಗೇ ಇತ್ತು. ಅರುಣಕುಮಾರ್ ಎತ್ತಿ ನೋಡಿ, "ಇವು ಗೊಡ್ಡು ಅಜ್ಜಿ, ಮೊದಲಿಂದಾನೂ ಜೀವ ಕುಂತಿಲ್ಲ" ಅಂದ.

ಅದನ್ನ ಹೇಳಿ ಜಾರಿಕೋಬಹುದಿತ್ತು. ನಾ ಜಾರಿಕೊಳ್ಳಲಿಲ್ಲ. ಅಂಗಡಿ ಮುಂದ ಹೆಂಗಸ್ರು ಕೂಡಿದ್ರು. ನಾಗಲಿಂಗಮ್ಮ ಹನ್ನೊಂದು ಕೋಳಿ ತತ್ತಿ ಸೆರಗಿನಾಗ ಕಟ್ಕೊಂಡು ನನ್ನೇ ಕಾಯ್ತಿದ್ಲು.

"ಇಪ್ಪತ್ಮೂರರಾಗ ಎರಡು ಕೆಟ್ಟಾವ," ಅಂದೆ. "ಬ್ಯಾಟ್ರಿ ಹಿಡದಾಗಲೇ ನನಗ ಗೊತ್ತಿತ್ತು, ಬಾಯಿ ಬಿಡಲಿಲ್ಲ. ಆಣಿ ಅಂದ್ರ ಆಣಿ. ನಾಗಲಿಂಗಮ್ಮಾ, ನಿನ್ನ ತತ್ತಿ ಬ್ಯಾರೆಯವರ ಕೈಲೆ ಇಡಿಸ್ಕೋ."

ನಾಗಲಿಂಗಮ್ಮ ಸೆರಗಿನ ಗಂಟು ಹಿಡಕೊಂಡು ಅಲ್ಲೇ ನಿಂತ್ಲು. ಕೊಟ್ರಬಸಮ್ಮ ಗಲ್ಲಾದ ಹಿಂದಿಂದ ಎದ್ದು ಹೊರಗ ಬಂದ್ಲು.

"ನಿನ್ನ ಆಣಿ ನಾ ಕೇಳೀನಿ, ನಿನ್ನ ಕಟ್ಟಿ ಮ್ಯಾಲೇ ಕುಂತಿದ್ದೆ. 'ನಾ ಕಾವಿಗೆ ಇಟ್ಟ ತತ್ತಿ' ಅಂದಿದ್ದಿ. ನೀ ಎಲ್ಲಿ ಇಟ್ಟಿ? ಅಮಾಸಿ ಅಂತ ಬಿಟ್ಟಿದ್ದಿ. ಕಾವಿಗೆ ಇಟ್ಟಾಕಿ ಮಡುವಿನಾಗ ಅದಾಳ. ಇನ್ನ ಕೆಲಸ ಬಿಡಬೇಕಂದ್ರ ಆಕಿ ಬಿಡ್ಲಿ. ಹೋಗಿ ಹೇಳಿ ಬಾ, ನಾ ಇಲ್ಲೇ ಕಾಯ್ತೀನಿ."

ಅಂಗಡಿ ಮುಂದಿನವರೆಲ್ಲ ನಕ್ಕಿದ್ದು ಹೂವಿನಹಡಗಲಿಗೆ ಕೇಳಿರಬೇಕು. ನಾ ಮಾತ್ರ ನಗಲಿಲ್ಲ. ಆಕಿ ಮುಖಾನೇ ನೋಡ್ಕೋತ ನಿಂತೆ. ಐವತ್ತು ವರ್ಷದಾಗ ಆಕಿ ನನ್ನ ಪರ ಮಾತಾಡಿದ್ದು ಅದೊಂದೇ ಸಲ. ನನ್ನ ಗಂಡನ ಮಾತಿನ ಪಕ್ಕದಾಗೇ ಅದನ್ನೂ ಇಟ್ಕೊಂಡೀನಿ.

ಅವತ್ತೇ ನಾಗಲಿಂಗಮ್ಮನ ಮನಿಗೆ ಹೋದೆ. ಬ್ಯಾಟ್ರಿ ಹಿಡದೆ, ಹನ್ನೊಂದಕ್ಕೂ ಚಂದ್ರ ಇದ್ದ. ಗೆರಿ ಎಳದೆ, ಮೊಳಿ, ಇದ್ದಲಿ, ಮೆಣಸಿನಕಾಯಿ ಇಟ್ಟೆ. ಕೋಳಿ ಬುಟ್ಟಿಗೆ ಇಳೀತು, ರೆಕ್ಕಿ ಅಗಲ ಮಾಡಿ ಕುಂತ್ಕೊಂತು, ಕೊಕ್ಕಿಲೆ ಒಂದು ತತ್ತಿ ತಿರುವಿ ಹೊಟ್ಟಿ ಕೆಳಗ ಎಳಕೊಂತು.

"ತಿರುವು ತಾಯಿ, ತಿರುವು," ಅಂದೆ. "ಹೊಳ್ಯಾಗಿನ ನಿಮ್ಮಕ್ಕಗ ಆ ಕೆಲಸ ಇಲ್ಲ."